ಗುಂಪು ಬಿಟ್ಟರೆ ಅರ್ಧ ಬೌದ್ಧರೇ?

ಹಾಸನದಿಂದ ಬರೆದ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರದ ಸಾರ ಇಷ್ಟು: ಬ್ಯಾಂಕ್ ಕೆಲಸ, ಇಬ್ಬರು ಮಕ್ಕಳು. 10 ದಿನದ ವಿಪಶ್ಯನ ಶಿಬಿರ ಮುಗಿಸಿ ಬಂದು ಒಂದು ಧ್ಯಾನದ ಗುಂಪಿಗೆ ಸೇರಿದಿರಿ. ಅಲ್ಲಿನ ವಂತಿಗೆ, ಗುರುಗಳ ಫೋಟೊ, ಹಿರಿಯ ಶಿಷ್ಯರು ಯಾರೆಂಬ ಜಗಳ ನೋಡಿ ಸಾಕಾಗಿ ಬಿಟ್ಟಿರಿ. ಈಗ ಮನೆಯಲ್ಲೇ ಅಭ್ಯಾಸ. ಆದರೆ 'ಸಂಘಂ ಶರಣಂ ಗಚ್ಛಾಮಿ' ಎನ್ನುವಾಗ ಸುಳ್ಳು ಹೇಳಿದ ಹಾಗಾಗುತ್ತದೆ, ನಾನು ಅರ್ಧ ಬೌದ್ಧಳೇ ಎಂದು ಕೇಳಿದ್ದೀರಿ.

ಸುಳ್ಳೇನೂ ಅಲ್ಲ. ಆ ಸಂಘಕ್ಕೆ ರಸೀದಿ ಪುಸ್ತಕ ಇಲ್ಲ. ಪಾಳಿ ಭಾಷೆಯ ಸಂಘವಂದನೆಯಲ್ಲೇ ಅದರ ವಿವರ ಇದೆ: ನಾಲ್ಕು ಜೋಡಿ, ಎಂಟು ಬಗೆಯ ಜನ. ಅಂದರೆ ಬುದ್ಧ ತೋರಿಸಿದ ದಾರಿಯಲ್ಲಿ ಒಂದೊಂದು ಹಂತ ಮುಟ್ಟಿದವರು. ನೀವು ಶರಣು ಹೋಗುತ್ತಿರುವುದು ಅವರಿಗೆ. ಯಾವುದೋ ಗುಂಪು ಬಿಟ್ಟ ಮಾತ್ರಕ್ಕೆ ಅದು ಮುರಿಯುವುದಿಲ್ಲ.

ನಿಮ್ಮಂಥವರೇ ಒಬ್ಬರು ಬುದ್ಧನನ್ನೂ ಕೇಳಿದ್ದರು. ಕೋಲಿಯ ಕುಲದ ದೀಘಜಾಣು ಎಂಬ ಗೃಹಸ್ಥ. ನಾವು ಸಂಸಾರಿಗಳು, ಮಕ್ಕಳುಮರಿ ನಡುವೆ ಮಲಗುವವರು, ಕಾಶಿಯ ಗಂಧ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಬಿಟ್ಟಿರಲಾರದವರು, ನಮಗೆ ತಕ್ಕದ್ದನ್ನು ಹೇಳಿ ಎಂದ. ಬುದ್ಧ ಅವನಿಗೆ ಮನೆ ಬಿಟ್ಟು ಬಾ ಎನ್ನಲಿಲ್ಲ. ದುಡಿಮೆಯಲ್ಲಿ ಶ್ರದ್ಧೆ ಇರಲಿ, ಗಳಿಸಿದ್ದನ್ನು ಕಾಪಾಡಿಕೋ, ಒಳ್ಳೆಯವರ ಗೆಳೆತನ ಮಾಡು, ಆದಾಯ ನೋಡಿಕೊಂಡು ಖರ್ಚು ಮಾಡು ಎಂದ. ಶೀಲ, ದಾನದ ಮಾತು ಬಂದದ್ದು ಆಮೇಲೆ.

ಆ ಮೂರನೆಯದನ್ನು ನೀವು ಬಿಟ್ಟುಬಿಟ್ಟಿದ್ದೀರಿ ಅನ್ನಿಸುತ್ತದೆ. ಒಳ್ಳೆಯ ಗೆಳೆತನ ಎಂದರೆ ಈ ಧರ್ಮದ ಬದುಕಿನ ಅರ್ಧ ಭಾಗ ಎಂದು ಶಿಷ್ಯ ಆನಂದ ಹೇಳಿದಾಗ ಬುದ್ಧ, ಹಾಗನ್ನಬೇಡ, ಅದೇ ಪೂರ್ತಿ ಎಂದು ತಿದ್ದಿದ್ದ. ಗುಂಪು ಬೇಡ, ಸರಿ. ನಿಮ್ಮ ತಪ್ಪನ್ನು ಮುಖಕ್ಕೆ ಹೇಳುವ ಒಬ್ಬರಾದರೂ ಬೇಕಲ್ವಾ? ನೀವು ಪತ್ರದಲ್ಲಿ ಎತ್ತಿದ ಕಾಲಾಮ ಸೂತ್ರದಲ್ಲೂ, ಅಂದರೆ ಕಾಲಾಮ ಜನರಿಗೆ ಬುದ್ಧ ಹೇಳಿದ ಉಪದೇಶದಲ್ಲೂ, ಇದೇ ಇದೆ. ಪರಂಪರೆ ಎಂದು ನಂಬಬೇಡಿ, ಗುರು ಹೇಳಿದರೆಂದು ನಂಬಬೇಡಿ ಎಂಬುದನ್ನು ಎಲ್ಲರೂ ಹೇಳುತ್ತಾರೆ. ತಿಳಿದವರು ಮೆಚ್ಚುತ್ತಾರೋ ಇಲ್ಲವೋ ನೋಡಿ ಎಂಬ ಮಾತೂ ಅಲ್ಲಿದೆ. ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇನ್ನೊಂದು. ಮೂರು ಪುಟದ ಪತ್ರದಲ್ಲಿ ಧ್ಯಾನದ ಮಾತೇ ಜಾಸ್ತಿ, ಪಂಚಶೀಲದ, ಅಂದರೆ ಗೃಹಸ್ಥರ ಐದು ನೇಮಗಳ, ಸುದ್ದಿಯೇ ಇಲ್ಲ. ಒಬ್ಬರೇ ಅಭ್ಯಾಸ ಮಾಡುವವರು ಎಡವುವುದು ಇಲ್ಲೇ. ಕಣ್ಣು ಮುಚ್ಚಿ ಕೂರುವುದು ಹಿತವಾಗಿರುತ್ತದೆ. ಮಧ್ಯಾಹ್ನ ಕೌಂಟರ್ ಮುಂದೆ ಪಾಸ್‌ಬುಕ್ ಹಿಡಿದು ನಿಂತ ಅಜ್ಜನಿಗೆ, ಸರ್ವರ್ ಸರಿಯಾಗೇ ಇದ್ದರೂ, "ಸರ್ವರ್ ಡೌನ್, ನಾಳೆ ಬನ್ನಿ" ಎನ್ನದೇ ಇರುವುದು ಕಷ್ಟ. ಸುಳ್ಳಾಡಬಾರದು ಎಂಬ ನಾಲ್ಕನೆಯ ಶೀಲ ಇರುವುದು ಅಲ್ಲಿ. ಜೊತೆಗೆ ಹುಣ್ಣಿಮೆಗೊಮ್ಮೆ ಎಂಟು ನೇಮಗಳ ಅಷ್ಟಶೀಲ ಹಿಡಿಯಿರಿ. ಮಧ್ಯಾಹ್ನದ ಮೇಲೆ ಊಟ ಇಲ್ಲ, ಟಿವಿ ಇಲ್ಲ, ಅಲಂಕಾರ ಇಲ್ಲ. ಗೋಡೆಯ ಕ್ಯಾಲೆಂಡರ್ ಸಾಕು, ಯಾರ ಅನುಮತಿಯೂ ಬೇಡ.

ಆದರೆ "ಸಂಘಟನೆ ಎಂದರೆ ಬರೀ ರಾಜಕೀಯ" ಎಂಬ ನಿಮ್ಮ ಸಾಲು ನನಗೆ ಒಪ್ಪಿಗೆಯಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಭಿಕ್ಷು ಚಂದ್ರಮಣಿಯವರಿಂದ ಬೌದ್ಧ ದೀಕ್ಷೆ ಪಡೆದರು. ಆಮೇಲೆ ತಾವೇ ನಿಂತು ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಬೌದ್ಧರಾಗಿದ್ದರೆ ಜಾತಿಯ ಎದುರು ಅವರ ಮಾತಿಗೆ ಬಲ ಎಲ್ಲಿಂದ ಬರುತ್ತಿತ್ತು? ಒಂಟಿಯಾಗಿ ನಡೆಯುವ ಅನುಕೂಲ ನಿಮಗಿದೆ. ಅದು ಎಲ್ಲರಿಗೂ ಇಲ್ಲ.

ಕೊನೆಗೆ, ದೇವರ ಮನೆಯಲ್ಲಿ ದೀಪ ಹಚ್ಚು ಎನ್ನುವ ಅತ್ತೆಯವರ ವಿಷಯ. ಅಂಬೇಡ್ಕರ್ ಕೊಟ್ಟ 22 ಪ್ರತಿಜ್ಞೆ ತೆಗೆದುಕೊಂಡವರು ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪೂಜಿಸುವುದಿಲ್ಲ ಎಂದು ಮಾತು ಕೊಟ್ಟಿರುತ್ತಾರೆ, ಅವರು ಹಚ್ಚುವಂತಿಲ್ಲ. ನೀವು ಹಿಡಿದಿರುವುದು ಪಂಚಶೀಲ ಮಾತ್ರ. ಅದರಲ್ಲಿ ದೀಪಕ್ಕೆ ಅಡ್ಡಿಯಿಲ್ಲ. ಹಚ್ಚಿ. ಮನಸ್ಸು ಒಪ್ಪದಿದ್ದರೆ ಹಚ್ಚಲಾರೆ ಎಂದು ಮೆಲ್ಲಗೆ ಹೇಳಿಬಿಡಿ. ತಲೆನೋವು ಎಂದು ನೆಪ ಹೇಳಬೇಡಿ ಅಷ್ಟೆ.

– ಸಂಪಾದಕ