ಪರದೇಶಿ ಅಕ್ಷರದಲ್ಲಿ ಮನೆಮಾತು

ತೈವಾನಿನಲ್ಲಿ ಆಡುವ, ಚೀನೀ ಬಳಗದ ಹೊಕ್ಕಿಯನ್ ಭಾಷೆಯನ್ನು ರೋಮನ್ (ಇಂಗ್ಲಿಷ್) ಅಕ್ಷರದಲ್ಲೂ ಬರೆಯುತ್ತಾರೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಮಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ: "ಚೀನೀ ಲಿಪಿಯಂಥ ಹಳೆಯ ಲಿಪಿ ಇರುವಾಗ ಹೊಕ್ಕಿಯನ್ ಭಾಷೆಗೆ ಪರದೇಶಿ ಅಕ್ಷರ ಯಾಕೆ? ನಾವು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಹಾಗೆ ತಾನೇ ಇದೂ?"

ಅಲ್ಲ ಮಾರಾಯ್ರೇ. ನಾವು ಕುಟ್ಟುವುದಕ್ಕೆ ಕಟ್ಟುಪಾಡೇ ಇಲ್ಲ. ಹಾಲು, ಹಾಳು ಎರಡಕ್ಕೂ ಒಂದೇ ಸ್ಪೆಲಿಂಗ್. ಉಳಿದದ್ದು ಓದುವವರ ಹಣೆಬರಹ. ಹೊಕ್ಕಿಯನ್ನಿನ ಈ ರೋಮನ್ ಬರವಣಿಗೆಗೆ 'ಪೆಹ್-ವೇ-ಜೀ' ಅಂತ ಹೆಸರು. ಅದರಲ್ಲಿ ಆ ಸಡಿಲ ಇಲ್ಲ. ನಮ್ಮ ಪ-ಫ, ತ-ಥ, ಕ-ಖ ವ್ಯತ್ಯಾಸ ಅವರಲ್ಲೂ ಇದೆ. ಮಹಾಪ್ರಾಣಕ್ಕೆ ಪಕ್ಕದಲ್ಲೊಂದು 'ಎಚ್' ಬರುತ್ತದೆ. ಮೂಗಿನಿಂದ ಹೊರಡುವ ಸ್ವರಕ್ಕೆ ಪದದ ಕೊನೆಯಲ್ಲಿ, ಮೇಲುಗಡೆ, ಪುಟ್ಟ 'ಎನ್'. ಕಷ್ಟವೆಲ್ಲ ಇರುವುದು ದನಿಯ ಏರಿಳಿತದಲ್ಲಿ. ಅದು ತಪ್ಪಿದರೆ ಪದವೇ ಬೇರೆ. ಹಾಗಾಗಿ ಸ್ವರದ ತಲೆಯ ಮೇಲೆ ಗೆರೆಗಳು: ಬಲಕ್ಕೆ ಓರೆ, ಎಡಕ್ಕೆ ಓರೆ, ಟೋಪಿ, ಅಡ್ಡಗೆರೆ, ನೆಟ್ಟಗೆರೆ. ಗೆರೆ ಇಲ್ಲದಿರುವುದೂ ಒಂದು ಗುರುತೇ. ಮಾತಾಡುವಾಗ ಪದದ ಬೆನ್ನಿಗೆ ಇನ್ನೊಂದು ಪದ ಬಂದರೆ ಮೊದಲಿನದರ ಏರಿಳಿತ ಬದಲಾಗುತ್ತದೆ. ಬರಹದಲ್ಲಿ ಮಾತ್ರ ಮೂಲ ಗುರುತೇ ಉಳಿಯುತ್ತದೆ.

ಇದನ್ನು ರೂಪಿಸಿದ್ದು 19ನೇ ಶತಮಾನದ ಪಾದ್ರಿಗಳು, ನಿಜ. ಅವರಿಗೆ ಬೈಬಲ್ ಓದುವ ಜನ ಬೇಕಿತ್ತು, ಅದೂ ನಿಜ. ಚೀನೀ ಲಿಪಿ ಕಲಿಯಲು ವರ್ಷಗಟ್ಟಲೆ ಬೇಕು. ಕೂಲಿನಾಲಿ ಮಾಡುವವರಿಗೆ, ಹೆಂಗಸರಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ಥಾಮಸ್ ಬಾರ್ಕ್ಲೇ ಅನ್ನುವ ಪಾದ್ರಿ ತೈವಾನಿನ ತೈನಾನ್ ಊರಿನಲ್ಲಿ ಅಚ್ಚುಮನೆ ಹಾಕಿ, 1885ರ ಜುಲೈನಲ್ಲಿ ಇದೇ ಅಕ್ಷರದಲ್ಲಿ ಪತ್ರಿಕೆ ಶುರುಮಾಡಿದರು. ಮೊದಲ ಸಂಚಿಕೆಯಲ್ಲೇ ಓದುಗರಿಗೊಂದು ಬುದ್ಧಿಮಾತು: ಕನ್ಫ್ಯೂಷಿಯಸ್‌ನ ಅಕ್ಷರ, ಅಂದರೆ ಚೀನೀ ಲಿಪಿ, ಬರುತ್ತದೆ ಅಂತ ಇದನ್ನು ಕಲಿಯದೆ ಬಿಡಬೇಡಿ, ಮಕ್ಕಳ ಓದು ಅಂತ ಹಗುರಾಗಿಯೂ ನೋಡಬೇಡಿ. ಓದು ಬಲ್ಲವರು ಆಗಲೇ ಮೂಗು ಮುರಿಯುತ್ತಿದ್ದರು ಅಂತಾಯ್ತು, ಅಲ್ವಾ?

ಪರದೇಶಿ ಅಂದಿರಿ. ಆದರೆ ಈ ಲಿಪಿಯ ಮೇಲೆ ಮುನಿದವರು ಯಾರು ನೋಡಿ. ಜಪಾನೀ ಆಡಳಿತದಲ್ಲಿ, 1942ರಲ್ಲಿ, ಆ ಪತ್ರಿಕೆ ನಿಂತಿತು. ಯುದ್ಧದ ನಂತರ ಚೀನಾದಿಂದ ಬಂದ ಕುವೊಮಿಂಟಾಂಗ್ ಪಕ್ಷದ ಸರ್ಕಾರ ಚೀನಾದ ಮ್ಯಾಂಡರಿನ್ ಭಾಷೆಯನ್ನು ಹೇರಿತು. 1975ರಲ್ಲಿ ಈ ಲಿಪಿಯ ಬೈಬಲ್ ಪ್ರತಿಗಳನ್ನೇ ಜಪ್ತಿ ಮಾಡಿತು. ಜನರ ಮಾತನ್ನು ಉಚ್ಚಾರ ಸಮೇತ ಹಿಡಿದಿಡುವ ಲಿಪಿ ಆಳುವವರಿಗೆ ಮಗ್ಗುಲ ಮುಳ್ಳಾಗಿತ್ತು ಅಂತ ನನ್ನ ಅಂದಾಜು.

2006ರಲ್ಲಿ ತೈವಾನಿನ ಶಿಕ್ಷಣ ಸಚಿವಾಲಯ ಇದನ್ನೇ ತುಸು ತಿದ್ದಿ 'ತೈ-ಲೋ' ಅಂತ ಅಧಿಕೃತ ಮಾಡಿತು. ಹಳೆಯದನ್ನೇ ಹಿಡಿದು ಕೂತವರೂ ಇದ್ದಾರೆ. ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯ ಗುಂಪು: ಚೀನೀ ಅಕ್ಷರ ಇರುವ ಪದಕ್ಕೆ ಅದನ್ನೇ ಬಳಸಿ, ಎಲ್ಲರೂ ಒಪ್ಪಿದ ಅಕ್ಷರವಿಲ್ಲದ ಆಡುಮಾತಿಗೆ ಮಾತ್ರ ರೋಮನ್ ಹಾಕಿ, ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಿ ಬರೆಯುವವರು.