ಪ್ರತಿಕ್ರಿಯೆ: ಘಾಟಿಯಲ್ಲೇ ವಾಂತಿ ಮಾಡುವ ಅಮ್ಮ, ನೌಕಾಪಡೆ ಹಡಗಿನಲ್ಲಿ ಒಂದು ರಾತ್ರಿ

ನೌಕಾಪಡೆಯಲ್ಲಿರುವ ತಮ್ಮನ ಹಡಗಿನಲ್ಲಿ ಅಪ್ಪ ಅಮ್ಮ ಒಂದು ರಾತ್ರಿ ಇರಲಿಕ್ಕೆ ಕಾರವಾರಕ್ಕೆ ಹೊರಟಿದ್ದಾರೆ, ಘಾಟಿಯಲ್ಲೇ ವಾಂತಿ ಮಾಡುವ ಅಮ್ಮನಿಗೆ ಏನು ಮಾಡಲಿ ಅಂತ ಕೇಳಿದ್ದೀರಿ. ಗೇರುಸೊಪ್ಪ ಘಾಟಿಯಲ್ಲಿ ವಾಂತಿ ಆಗುವುದಕ್ಕೂ ಹಡಗಿನಲ್ಲಿ ಆಗುವುದಕ್ಕೂ ಕಾರಣ ಒಂದೇ. ಮೈ ಅಲ್ಲಾಡ್ತಿದೆ ಅಂತ ಕಿವಿಯ ಒಳಭಾಗ ಹೇಳುತ್ತದೆ, ಕಣ್ಣು ಇಲ್ಲ ಅನ್ನುತ್ತದೆ. ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ಇದು ಜಾಸ್ತಿ. ಹಾಗಾಗಿ ಸಾಗರದಿಂದ ಘಾಟಿ ಇಳಿದ ದಿನವೇ ಅಪ್ಪ ಅಮ್ಮನನ್ನು ಹಡಗು ಹತ್ತಿಸಬೇಡಿ. ಹಿಂದಿನ ದಿನವೇ ಕಾರವಾರ ಸೇರಿ ಮಲಗಲಿ.

ವಾಂತಿ ಶುರುವಾದ ಮೇಲೆ ಮಾತ್ರೆ ಕೊಟ್ಟು ಪ್ರಯೋಜನ ಕಡಿಮೆ, ಒಂದೆರಡು ಗಂಟೆ ಮೊದಲೇ ಕೊಡಬೇಕು. ಯಾವುದು ಅಂತ ಅವರ ಡಾಕ್ಟರೇ ಹೇಳಲಿ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದರೆ ಮರೆಯದೆ ತಿಳಿಸಿ. ಬಹಳಷ್ಟು ಮಾತ್ರೆಗಳಿಗೆ ನಿದ್ದೆ ಎಳೆಯುತ್ತದೆ.

ನನ್ನ ಪ್ರಕಾರ ವಾಂತಿಗಿಂತ ಹಡಗಿನೊಳಗಿನ ಏಣಿಯದೇ ದೊಡ್ಡ ಚಿಂತೆ. ತುಂಬಾ ಕಡಿದು, ಕಬ್ಬಿಣದ್ದು. ಸೀರೆ ಬೇಡ, ಚೂಡಿದಾರ್ ಇರಲಿ. ಹವಾಯಿ ಚಪ್ಪಲಿ ಬೇಡವೇ ಬೇಡ, ರಬ್ಬರ್ ಸೋಲಿನ ಶೂ ಹಾಕಿಸಿ. ಬ್ಯಾಗು ಬೆನ್ನಿಗೆ, ಎರಡೂ ಕೈ ಖಾಲಿ. ಇಳಿಯುವಾಗ ಅಟ್ಟದಿಂದ ಇಳಿದ ಹಾಗೆ ಏಣಿಗೆ ಮುಖ ಮಾಡಿಯೇ ಇಳಿಯಬೇಕು. ಬಾಗಿಲುಗಳಿಗೆ ಎತ್ತರದ ಕಬ್ಬಿಣದ ಹೊಸ್ತಿಲು ಇರುತ್ತದೆ, ಎಡವಿದರೆ ಮೊಣಕಾಲು ಹೋಯ್ತು. ಹೊಸ್ತಿಲು ತುಳಿಯಬಾರದು ಅನ್ನೋ ಅಮ್ಮಂದಿರ ಅಭ್ಯಾಸ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ!

ಫೋನ್, ಫೋಟೋ ನಿಯಮ ಎಲ್ಲ ಹಡಗಿಗೂ ಒಂದೇ ಇರಲಿಕ್ಕಿಲ್ಲ, ನಿಮ್ಮ ತಮ್ಮನನ್ನೇ ಕೇಳಿ. ಫೋನ್ ನೌಕಾನೆಲೆಯ ಗೇಟಿನಲ್ಲೇ ಉಳಿಯಬಹುದು, ಆದ್ದರಿಂದ ಮಾತ್ರೆಯ ಹೊತ್ತನ್ನು ಚೀಟಿಯಲ್ಲಿ ಬರೆದುಕೊಡಿ. ಆಧಾರ್ ಒರಿಜಿನಲ್ಲೇ ಇರಲಿ.

ಖಾಲಿ ಹೊಟ್ಟೆಯಲ್ಲಿ ಹತ್ತುವುದು ಬೇಡ. ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ದೂರ ಇರಲಿ. ಹೊಟ್ಟೆ ತೊಳಸಿದರೆ, ಬಿಡುವುದಾದರೆ ಮೇಲಿನ ಡೆಕ್‌ಗೆ ಹೋಗಿ ಆಕಾಶ ಸಮುದ್ರ ಕೂಡುವ ಗೆರೆ ನೋಡಲಿ. ರಾತ್ರಿಯಾಗಿದ್ದರೆ ಹಡಗಿನ ನಡುಭಾಗದಲ್ಲಿ ಕಣ್ಣು ಮುಚ್ಚಿ ಮಲಗಲಿ.