ಹುಳಿ ಮಣ್ಣು ಸತ್ತ ಮಣ್ಣಲ್ಲ

ಓದುಗರ ಪತ್ರ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಹುಳಿಯ ಅಳತೆ, pH; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 4.8 ಬಂದಿದೆ. ಸುಣ್ಣ ಕೊಡಿ ಎನ್ನುತ್ತಾರೆ ಪ್ರಯೋಗಾಲಯದವರು. ಸುಣ್ಣ ಹಾಕಿದರೆ ಜೀವಾಣುಗಳೆಲ್ಲ ಸತ್ತು ಮಣ್ಣು ಬರಡಾಗುತ್ತದೆ ಎನ್ನುತ್ತಾರೆ ಸಾವಯವ ಕೃಷಿ ಮಾಡುವ ಗೆಳೆಯರು. ಪ್ರತಿ ವರ್ಷ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಅಜೊಟೊಬ್ಯಾಕ್ಟರ್, ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮ ತಂದು ಹಾಕುತ್ತಿದ್ದೇನೆ. ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ: ಇಬ್ಬರದೂ ಅರ್ಧರ್ಧ ಸರಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ 4.8ಕ್ಕೆ ಇಳಿದ ತೋಟದಲ್ಲಿ ಸುಣ್ಣ ಬೇಕು ಎನ್ನುವವರೇ ಸರಿ. ನಿಮ್ಮ ಗೆಳೆಯರ ಮನಸ್ಸಿನಲ್ಲಿರುವುದು ಕೈ ಸುಡುವ ಸುಟ್ಟ ಸುಣ್ಣ ಇರಬೇಕು. ತೋಟಕ್ಕೆ ಕೊಡುವ ಕೃಷಿ ಸುಣ್ಣ, ಡಾಲೊಮೈಟ್ ಎಂದರೆ ಪುಡಿ ಮಾಡಿದ ಕಲ್ಲು. ಅವು ನಿಧಾನವಾಗಿ ಕರಗುತ್ತವೆ.

ರಸಸಾರ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಬ್ಯಾಕ್ಟೀರಿಯಾಗಳಿಗೆ ಇದು ದೊಡ್ಡ ಹೊರೆ. ಅವುಗಳ ಕೋಶದ ಒಳಗೆ ರಸಸಾರ 7ರ ಆಸುಪಾಸಿನಲ್ಲಿರಬೇಕು. ಹೊರಗಿನ ಹುಳಿ ಏರಿದಷ್ಟೂ ಒಳನುಗ್ಗುವ ಆಮ್ಲವನ್ನು ಹೊರದಬ್ಬುವುದಕ್ಕೇ ಶಕ್ತಿ ಖರ್ಚಾಗಿ, ಬೆಳೆಯಲು, ಸಂಖ್ಯೆ ಹೆಚ್ಚಿಸಿಕೊಳ್ಳಲು ಕಡಿಮೆ ಉಳಿಯುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದರೆ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಧಾರಾಳವಾಗಿರುವ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅದು ಬೇರಿಗೂ ವಿಷ, ಎಷ್ಟೋ ಜೀವಾಣುಗಳಿಗೂ ವಿಷ. ರಂಜಕವು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿ ಗಟ್ಟಿಯಾಗಿ ಬೇರಿಗೆ ಸಿಗದಂತಾಗುತ್ತದೆ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ಮಾಲಿಬ್ಡಿನಂ ಕೂಡ ಸಿಗುವುದು ಕಷ್ಟವಾಗುತ್ತದೆ.

ಶಿಲೀಂಧ್ರಗಳ ಕಥೆ ಬೇರೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಹೂಸ್‌ಫೀಲ್ಡ್ ಎಂಬ ಹೊಲವಿದೆ. 19ನೇ ಶತಮಾನದ ನಡುವೆ ಅಲ್ಲಿ ಸೀಮೆಸುಣ್ಣದ ಮಣ್ಣನ್ನು ಎಲ್ಲ ಕಡೆ ಸಮನಾಗಿ ಹರಡಿರಲಿಲ್ಲ. ಹಾಗಾಗಿ ಇನ್ನೂರು ಮೀಟರ್ ಆಸುಪಾಸಿನ ಒಂದೇ ಪಟ್ಟಿಯಲ್ಲಿ ರಸಸಾರ 4ರಿಂದ 8ರವರೆಗೆ ಏರುತ್ತ ಹೋಗುತ್ತದೆ. ಮಳೆ ಒಂದೇ, ಬೆಳೆ ಒಂದೇ, ಬದಲಾಗುವುದು ಮುಖ್ಯವಾಗಿ ಹುಳಿ. ವಿಜ್ಞಾನಿಗಳಿಗೆ ಇಂಥ ಜಾಗ ಬೇಕೆಂದರೂ ಸಿಗುವುದಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 4ರಿಂದ 8ಕ್ಕೆ ಹೋಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹತ್ತಿರ ಹತ್ತಿರ ಇಮ್ಮಡಿಯಾಗಿತ್ತು. ಶಿಲೀಂಧ್ರಗಳ ವೈವಿಧ್ಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹುಳಿ ಕಡೆಯ ತುದಿಯಲ್ಲಿ ಕಸ ಕೊಳೆಸುವ ಕೆಲಸ ಹೆಚ್ಚಾಗಿ ಶಿಲೀಂಧ್ರಗಳ ಪಾಲಿಗೆ ಬಂದಿತ್ತು.

ಅದಕ್ಕೂ ಮೊದಲು, 2006ರಲ್ಲಿ, ಉತ್ತರ ಮತ್ತು ದಕ್ಷಿಣ ಅಮೆರಿಕದ 98 ಮಣ್ಣುಗಳನ್ನು ಹೋಲಿಸಿದವರಿಗೆ ಇನ್ನೂ ಸೋಜಿಗ ಕಾದಿತ್ತು. ಬ್ಯಾಕ್ಟೀರಿಯಾ ವೈವಿಧ್ಯವನ್ನು ತೀರ್ಮಾನಿಸುವುದರಲ್ಲಿ ಬಿಸಿಲು, ಅಕ್ಷಾಂಶಗಳಿಗಿಂತ ರಸಸಾರವೇ ಮುಂದಿತ್ತು. ಪೆರು ದೇಶದ ಅಮೆಜಾನ್ ಕಾಡಿನ ಹುಳಿ ಮಣ್ಣಿನಲ್ಲಿ ವೈವಿಧ್ಯ ತೀರ ಕಡಿಮೆ. ಮೇಲೆ ಅಷ್ಟು ಹಸಿರು, ಕೆಳಗೆ ಇಷ್ಟೇ! ಹಾಗೆಂದು ಆ ಕಾಡಿನ ಮಣ್ಣನ್ನು ಸತ್ತದ್ದು ಎನ್ನಲು ಯಾರಿಗೂ ಬಾಯಿ ಬಾರದು. ‘ರಾಸಾಯನಿಕದಿಂದ ಮಣ್ಣು ಸತ್ತಿದೆ’ ಎಂಬ ಭಾಷಣ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಹುಳಿ ಮಣ್ಣಿಗೆ ಅದರದೇ ಒಕ್ಕಲಿದೆ. ಆಸಿಡೊಬ್ಯಾಕ್ಟೀರಿಯಾ ಎಂಬ ಗುಂಪಿನ ಕೆಲವು ಬಗೆಗಳು ಅಲ್ಲೇ ಹುಲುಸಾಗಿ ಬೆಳೆಯುತ್ತವೆ. ಸಾರಜನಕ ಹಿಡಿಯುವ ಬೈಜೆರಿಂಕಿಯಾವನ್ನು 1939ರಲ್ಲಿ ಮೊದಲು ವಿವರಿಸಿದ್ದೇ ಭಾರತದ ಭತ್ತದ ಗದ್ದೆಯ ಮಣ್ಣಿನಿಂದ. ಆಗ ಅದನ್ನು ಅಜೊಟೊಬ್ಯಾಕ್ಟರಿನ ಒಂದು ಜಾತಿ ಎಂದೇ ಕರೆದಿದ್ದರು. ಹುಳಿ ಮಣ್ಣು ಅದಕ್ಕೆ ಒಗ್ಗುತ್ತದೆ.

ಮಾಮೂಲಿ ಅಜೊಟೊಬ್ಯಾಕ್ಟರಿಗೆ ಒಗ್ಗುವುದಿಲ್ಲ. 6ಕ್ಕಿಂತ ಕೆಳಗಿನ ಮಣ್ಣಿನಲ್ಲಿ ಅದು ಕಾಣಸಿಗುವುದೇ ಅಪರೂಪ. 4.8ರಲ್ಲಿ ನೀವು ಸುರಿದದ್ದು ಬಹುಪಾಲು ವ್ಯರ್ಥವಾಗಿರಬೇಕು. ಟ್ರೈಕೋಡರ್ಮ ಶಿಲೀಂಧ್ರ. ಅದಕ್ಕೆ ತುಸು ಹುಳಿಯೇ ಹಿತ. ಆ ಖರ್ಚಿನ ಬಗ್ಗೆ ಚಿಂತೆ ಬೇಡ.

ಮಣ್ಣನ್ನು ಹುಳಿ ಮಾಡುವುದರಲ್ಲಿ ಜೀವಾಣುಗಳದೂ ಕೈವಾಡವಿದೆ ಎಂಬುದನ್ನು ಮರೆಯಬೇಡಿ. ಯೂರಿಯಾ, ಅಮೋನಿಯಂ ಗೊಬ್ಬರಗಳನ್ನು ಅವು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ನಮ್ಮ ಮಳೆಗೆ ನೈಟ್ರೇಟ್ ಬಸಿದು ಹೋಗುವಾಗ ಸುಣ್ಣಾಂಶವನ್ನೂ ಕೊಂಡೊಯ್ಯುತ್ತದೆ. ಅದೇ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆದಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟ್ ಮಾತ್ರ ಕಂಡ ತಾಕುಗಳ ರಸಸಾರ 4ಕ್ಕಿಂತ ಕೆಳಗಿಳಿದಿದೆ. ಎರೆಹುಳು ಇಲ್ಲವಾಗಿ, ಒಣಹುಲ್ಲು ಕೊಳೆಯದೆ ನೆಲದ ಮೇಲೆ ಚಾಪೆಯಂತೆ ಕೂತಿದೆ. ನಿಮ್ಮ ತೋಟದಲ್ಲಿ ಹಳೆಯ ದರಗು ಕರಗದೆ ಉಳಿಯುತ್ತಿದ್ದರೆ ಹುಳಿಯೂ ಒಂದು ಕಾರಣವಿರಬಹುದು.

ಇನ್ನು ಸುಣ್ಣ. ಎಷ್ಟು ಎಂಬುದು ರಸಸಾರ ಒಂದರಿಂದಲೇ ತಿಳಿಯದು, ಜೇಡಿ ಮತ್ತು ಸಾವಯವ ಅಂಶ ಹೆಚ್ಚಿದ್ದಷ್ಟೂ ಹೆಚ್ಚು ಬೇಕು. ಪ್ರಯೋಗಾಲಯದಲ್ಲಿ ‘ಸುಣ್ಣದ ಅಗತ್ಯ’ ಎಂದೇ ಕೇಳಿ ಬರೆಸಿಕೊಳ್ಳಿ. ಗುರಿ 5.5ರಿಂದ 6. ಅಲ್ಲಿಗೆ ಅಲ್ಯೂಮಿನಿಯಂ ಕಾಟ ಮುಗಿಯುತ್ತದೆ. 7ಕ್ಕೆ ಏರಿಸಲು ಹೋದರೆ ಸತು, ಬೋರಾನ್ ಕೊರತೆ ಕಾಣಿಸಿಕೊಳ್ಳಬಹುದು.

ಸುಣ್ಣದ ಜೊತೆಗೆ ಸೊಪ್ಪು, ಗೊಬ್ಬರ ಬಿಡಬೇಡಿ. ಹುಳಿ ಇಳಿದ ಕೂಡಲೇ ಬ್ಯಾಕ್ಟೀರಿಯಾಗಳು ಚುರುಕಾಗಿ ಇದ್ದ ಸಾವಯವ ಅಂಶವನ್ನು ತಿಂದು ಮುಗಿಸತೊಡಗುತ್ತವೆ. ಮೊದಮೊದಲು ಫಸಲು ಚೆನ್ನಾಗಿಯೇ ಬರುತ್ತದೆ. ಸುಣ್ಣ ಅಪ್ಪನನ್ನು ಸಿರಿವಂತ ಮಾಡುತ್ತದೆ, ಮಗನನ್ನು ಬಡವ ಮಾಡುತ್ತದೆ ಎಂದು ಯುರೋಪಿನ ರೈತರು ಹೇಳುತ್ತಿದ್ದುದು ಇದಕ್ಕೇ. ನಿಮ್ಮ ಗೆಳೆಯರ ಆತಂಕದಲ್ಲಿ ಹುರುಳಿರುವುದೂ ಇಷ್ಟರಲ್ಲೇ.

ಯೂರಿಯಾ ಜೊತೆ ಸುಣ್ಣ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೊದಲು ಸುಣ್ಣ, ಕೆಲವು ವಾರ ಬಿಟ್ಟು ಗೊಬ್ಬರ. ಟ್ರೈಕೋಡರ್ಮವನ್ನು ಕಾಂಪೋಸ್ಟಿನಲ್ಲಿ ಬೆರೆಸಿ ಆಮೇಲೆ ಕೊಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದ ಮಣ್ಣು ತೆಗೆದು ಮತ್ತೆ ಪರೀಕ್ಷೆ ಮಾಡಿಸಿ. ಅಜೊಟೊಬ್ಯಾಕ್ಟರ್ ಕೊಳ್ಳುವ ಮಾತು ಆಮೇಲೆ.